‘ಗೆಟ್’ ಅಂದರೆ ಏನು? ಪಕ್ಕದಲ್ಲಿ ಯಾರಿದ್ದಾರೆ ನೋಡಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನವರಿಂದ ಒಂದು ಇಮೇಲ್ ಬಂತು. ಕೊನೆಯ ಸಾಲು ಹೀಗಿತ್ತು: ‘ಪ್ಲೀಸ್ ಗೆಟ್ ಬ್ಯಾಕ್ ಟು ಮಿ ಬೈ ಫೈವ್.’ ಗೆಟ್ ಅಂದರೆ ಪಡೆ, ಬ್ಯಾಕ್ ಅಂದರೆ ಹಿಂದೆ, ಟು ಮಿ ಅಂದರೆ ನನ್ನ ಹತ್ತಿರ. ಎಲ್ಲ ಕೂಡಿಸಿ ನೋಡಿದೆ. ಐದು ಗಂಟೆಯೊಳಗೆ ನನ್ನ ಹತ್ತಿರ ವಾಪಸ್ ಬಾ ಅಂತಿದ್ದಾರೆ ಅಂದುಕೊಂಡೆ. ಐದಕ್ಕೆ ಐದು ನಿಮಿಷ ಇರುವಾಗ ಅವರ ಮೇಜಿನ ಮುಂದೆ ಹೋಗಿ ನಿಂತೆ. ಅವರು ತಲೆ ಎತ್ತಿ ‘ಏನು?’ ಅಂದರು. ‘ಬಂದಿದ್ದೀನಿ ಸರ್’ ಅಂದೆ. ಅವರಿಗೆ ಬೇಕಿದ್ದದ್ದು ಇಮೇಲಿಗೆ ಎರಡು ಸಾಲಿನ ಉತ್ತರ, ಅಷ್ಟೇ.

ಆಮೇಲೆ ನಿಘಂಟು ತೆಗೆದೆ. ಗೆಟ್ ಪದಕ್ಕೆ ಪುಟಗಟ್ಟಲೆ ಅರ್ಥಗಳಿದ್ದವು. ಇಂಗ್ಲಿಷಿನಲ್ಲಿ ಪದ ಚಿಕ್ಕದಾದಷ್ಟೂ ಅದರ ಸಂಸಾರ ದೊಡ್ಡದು. 1989ರಲ್ಲಿ 20 ಸಂಪುಟಗಳಾಗಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಬೇಕಾಗಿದ್ದು ‘ಸೆಟ್’ ಅನ್ನುವ ಪುಟ್ಟ ಪದಕ್ಕೆ. ಗೆಟ್ ಕೂಡ ಅದೇ ಜಾತಿಯದು. ಅರ್ಥಗಳನ್ನು ಉರು ಹೊಡೆಯುತ್ತಾ ಕೂತರೆ ಮುಗಿಯುವ ಮಾತಲ್ಲ.

ಉರು ಹೊಡೆಯುವುದು ಅಂದೆನಲ್ಲ, ಆ ‘ಹೊಡೆ’ಯನ್ನೇ ನೋಡಿ. ಚೆಂಡು ಹೊಡೆ, ಗಂಟೆ ಹೊಡೆ, ಬಣ್ಣ ಹೊಡೆ, ಹರಟೆ ಹೊಡೆ, ನಿದ್ದೆ ಹೊಡೆ. ಇದರ ಪಟ್ಟಿಯನ್ನು ನಮಗೆ ಯಾರೂ ಕಲಿಸಲಿಲ್ಲ. ಹಿಂದೆ ಯಾವ ಪದ ಬಂದಿದೆ ಅಂತ ನೋಡಿ ನಾವೇ ಅರ್ಥ ಮಾಡಿಕೊಳ್ಳುತ್ತೇವೆ. ಗೆಟ್ ವಿಷಯದಲ್ಲೂ ಅದೇ ಉಪಾಯ. ಒಂದೇ ವ್ಯತ್ಯಾಸ. ಕನ್ನಡದಲ್ಲಿ ಎಡಕ್ಕೆ ನೋಡುತ್ತೇವೆ, ಇಂಗ್ಲಿಷಿನಲ್ಲಿ ಬಲಕ್ಕೆ ನೋಡಬೇಕು. ಗೆಟ್‌ನ ಬಲಗಡೆ ಕೂತಿರುವುದು ಒಂದು ವಸ್ತುವೋ, ಗುಣವೋ, ಜಾಗವೋ, ಕ್ರಿಯೆಯೋ? ಅದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು.

ಹೆಜ್ಜೆ 1: ಬಲಗಡೆ ವಸ್ತು ಇದ್ದರೆ

ಇಲ್ಲಿ ಅರ್ಥ ‘ಸಿಗು’, ‘ಬರು’, ‘ಪಡೆ’. ‘ಐ ಗಾಟ್ ಎ ಲೆಟರ್’ ಅಂದರೆ ನನಗೆ ಪತ್ರ ಬಂತು. ‘ಐ ಗಾಟ್ ಎ ಜಾಬ್’ ಅಂದರೆ ನನಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಕೋಲ್ಡ್’ ಅಂದರೆ ನನಗೆ ನೆಗಡಿ ಆಯಿತು. ಬಂತು, ಸಿಕ್ಕಿತು, ಆಯಿತು, ಮೂರಕ್ಕೂ ಒಂದೇ ಗಾಟ್.

ಇನ್ನೊಂದು ಗಮನಿಸಿದಿರಾ? ಕನ್ನಡದಲ್ಲಿ ‘ನನಗೆ’ ಅಂತ ಶುರು ಮಾಡುತ್ತೇವೆ. ಕೆಲಸ ತಾನಾಗಿ ಬಂದು ನಮಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಆ ‘ನನಗೆ’ ತಿರುಗಿ ‘ಐ’ ಆಗುತ್ತದೆ. ಹೀಗಾಗಿ ‘ನನಗೆ’ ಅಂತ ಶುರುವಾಗುವ ವಾಕ್ಯ ಕಂಡ ಕೂಡಲೇ ನಮ್ಮ ಕೈ ಗಾಟ್ ಕಡೆಗೆ ಹೋಗುತ್ತದೆ. ಅರ್ಧ ಸಲ ಅದು ಸರಿ. ಉಳಿದರ್ಧದಲ್ಲಿ ಎಡವುತ್ತೇವೆ.

ಎಲ್ಲಿ ಎಡವುತ್ತೇವೆ ಅಂದರೆ, ‘ದಾರಿಯಲ್ಲಿ ಗೆಳೆಯ ಸಿಕ್ಕಿದ’ ಅನ್ನುವುದನ್ನು ‘ಐ ಗಾಟ್ ಮೈ ಫ್ರೆಂಡ್ ಆನ್ ದಿ ವೇ’ ಅಂದರೆ ಕೇಳಿದವರಿಗೆ ಗೊಂದಲ. ಗೆಳೆಯನನ್ನು ಹಿಡಿದುಕೊಂಡು ಬಂದಿರೇನೋ ಅನ್ನಿಸುತ್ತದೆ. ಅಲ್ಲಿ ‘ಐ ಮೆಟ್’ ಬೇಕು. ಕಳೆದುಹೋದ ಬೀಗದ ಕೈ ಸಿಕ್ಕಿದರೆ ‘ಐ ಫೌಂಡ್ ಮೈ ಕೀ’. ಕನಸು ಬಿದ್ದರೆ ‘ಐ ಹ್ಯಾಡ್ ಎ ಡ್ರೀಮ್’. ಮಗು ಆದರೆ ‘ವಿ ಹ್ಯಾಡ್ ಎ ಬೇಬಿ’. ‘ನನಗೊಂದು ಡೌಟು’ ಅನ್ನುವುದಕ್ಕೆ ‘ಐ ಗಾಟ್ ಎ ಡೌಟ್’ ಅನ್ನುತ್ತೇವೆ. ಆದರೆ ಹೊರದೇಶದವರ ಕಿವಿಗೆ ಡೌಟ್ ಅಂದರೆ ಅಪನಂಬಿಕೆ. ಅವರು ಹೇಳಿದ್ದನ್ನು ನಾವು ನಂಬುತ್ತಿಲ್ಲ ಅನ್ನುವ ಹಾಗೆ ಕೇಳಿಸುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ತಂಟೆಯಿಲ್ಲ.

ಹಾಗಾದರೆ ಸಿಕ್ಕಿತು ಅನ್ನುವುದಕ್ಕೆ ಗಾಟ್ ಯಾವಾಗ ಹಾಕಬೇಕು? ನಾನು ಇಟ್ಟುಕೊಂಡಿರುವ ಲೆಕ್ಕ ಸುಲಭದ್ದು. ಬೇರೆಯವರಿಂದಲೋ ಬೇರೆ ಕಡೆಯಿಂದಲೋ ನನ್ನ ಕೈಗೆ ಬಂದದ್ದಾದರೆ ಗಾಟ್. ಹುಡುಕಿ ಸಿಕ್ಕಿದ್ದು ಫೌಂಡ್. ಎದುರಿಗೆ ಸಿಕ್ಕ ಮನುಷ್ಯರು ಮೆಟ್.

ತರುವುದಕ್ಕೂ ಗೆಟ್ ಉಂಟು. ‘ಗೆಟ್ ಮಿ ಎ ಗ್ಲಾಸ್ ಆಫ್ ವಾಟರ್’ ಅಂದರೆ ಹೋಗಿ ಒಂದು ಲೋಟ ನೀರು ತೆಗೆದುಕೊಂಡು ಬಾ. ‘ಬ್ರಿಂಗ್’ನಲ್ಲಿ ಇತ್ತ ಬರುವುದು ಮಾತ್ರ ಇದೆ. ಗೆಟ್‌ನಲ್ಲಿ ಹೋಗುವುದೂ ಸೇರಿದೆ. ಬರುವಾಗ ಕೊಡೆ ತಾ ಅನ್ನಲು ಬ್ರಿಂಗ್, ಒಳಗೆ ಹೋಗಿ ಕೊಡೆ ತಾ ಅನ್ನಲು ಗೆಟ್. ಮೊದಲು ಮನುಷ್ಯ, ಆಮೇಲೆ ವಸ್ತು. ನಡುವೆ ‘ಟು’ ತುರುಕಬೇಡಿ. ಬಾಗಿಲು ಬಡಿದಾಗಲೋ ಫೋನ್ ಹೊಡೆದುಕೊಂಡಾಗಲೋ ‘ಐ ವಿಲ್ ಗೆಟ್ ಇಟ್’ ಅಂದರೆ ನಾನು ನೋಡ್ತೀನಿ, ನೀವು ಏಳಬೇಡಿ ಅಂತ ಅರ್ಥ.

ಕೊಳ್ಳುವುದಕ್ಕೂ ಇದೇ. ‘ಐ ಗಾಟ್ ಎ ನ್ಯೂ ಫೋನ್’ ಅಂದಾಗ ದುಡ್ಡು ಕೊಟ್ಟು ಕೊಂಡದ್ದೋ, ಯಾರೋ ಕೊಟ್ಟದ್ದೋ ತಿಳಿಯುವುದಿಲ್ಲ. ಬೆಲೆ ಬಾಯಿಬಿಡಲು ಇಷ್ಟವಿಲ್ಲದವರಿಗೆ ಒಳ್ಳೆಯ ಪದ.

ಕೊನೆಗೆ, ತಲೆಗೆ ಹೋಗುವುದು. ‘ಐ ಡೋಂಟ್ ಗೆಟ್ ಇಟ್’ ಅಂದರೆ ನನಗೆ ಅರ್ಥ ಆಗಲಿಲ್ಲ. ‘ಅರ್ಥ ಆಗ್ತಾ ಇಲ್ಲ’ ಅನ್ನುವ ಅಭ್ಯಾಸದಿಂದ ನಾವು ‘ಐ ಆಮ್ ನಾಟ್ ಗೆಟ್ಟಿಂಗ್ ಯು’ ಅಂದುಬಿಡುತ್ತೇವೆ. ಅರ್ಥವಾಗುವ ವಿಷಯದಲ್ಲಿ ಗೆಟ್ಟಿಂಗ್ ಬೇಡ, ಗೆಟ್ ಸಾಕು. ಮಾತು ಕಿವಿಗೆ ಬೀಳಲಿಲ್ಲ ಅನ್ನಲು ‘ಸಾರಿ, ಐ ಡಿಡಂಟ್ ಗೆಟ್ ದಟ್’. ‘ಯು’ ಬದಲು ‘ದಟ್’. ತಪ್ಪಿದ್ದು ಮಾತು, ಮನುಷ್ಯ ಅಲ್ಲ.

ಹೆಜ್ಜೆ 2: ಬಲಗಡೆ ಗುಣ ಇದ್ದರೆ

ಇದು ನಮಗೆ ಸುಲಭ. ಯಾಕೆಂದರೆ ಇಲ್ಲಿ ಗೆಟ್ ಅಂದರೆ ನಮ್ಮ ‘ಆಗು’. ‘ಇಟ್ ಈಸ್ ಗೆಟ್ಟಿಂಗ್ ಡಾರ್ಕ್’ ಅಂದರೆ ಕತ್ತಲಾಗುತ್ತಿದೆ. ‘ಐ ಆಮ್ ಗೆಟ್ಟಿಂಗ್ ಲೇಟ್’ ಅಂದರೆ ತಡವಾಗುತ್ತಿದೆ ಅಂತ ನಾವು ಅನ್ನುತ್ತೇವೆ. ಆದರೆ ಇಲ್ಲೊಂದು ಸಣ್ಣ ಸಿಕ್ಕು. ತಡವಾಗುವುದು ಹೊತ್ತಿಗೆ. ಹಾಗಾಗಿ ‘ಇಟ್ ಈಸ್ ಗೆಟ್ಟಿಂಗ್ ಲೇಟ್’. ನನಗೇ ತಡ ಅಂದರೆ ‘ಐ ಆಮ್ ಲೇಟ್’.

‘ಇರು’ ಮತ್ತು ‘ಆಗು’ ನಡುವಿನ ವ್ಯತ್ಯಾಸವೇ ‘ಬಿ’ ಮತ್ತು ‘ಗೆಟ್’ ನಡುವಿನದು. ‘ಶಿ ಈಸ್ ಮ್ಯಾರೀಡ್’ ಅಂದರೆ ಅವಳಿಗೆ ಮದುವೆಯಾಗಿದೆ. ‘ಶಿ ಗಾಟ್ ಮ್ಯಾರೀಡ್’ ಅಂದರೆ ಅವಳ ಮದುವೆ ಆಯಿತು. ಒಂದು ಸ್ಥಿತಿ, ಇನ್ನೊಂದು ಬದಲಾವಣೆ. (ಮದುವೆ ಆಗುವುದು ‘ಟು’ ಜತೆ, ‘ವಿತ್’ ಜತೆ ಅಲ್ಲ. ‘ಗಾಟ್ ಮ್ಯಾರೀಡ್ ಟು’.)

ಬಲಗಡೆ ಬಂದದ್ದು ನಿಜವಾಗಿ ಗುಣವೇ ಅಂತ ಖಾತ್ರಿ ಮಾಡಿಕೊಳ್ಳಿ. ನಿದ್ದೆ ಬರ್ತಿದೆ ಅನ್ನಲು ‘ಐ ಆಮ್ ಗೆಟ್ಟಿಂಗ್ ಸ್ಲೀಪ್’ ಅನ್ನುವುದು ನಮ್ಮಲ್ಲಿ ಬಲು ಸಾಮಾನ್ಯ. ಸ್ಲೀಪ್ ಅಂದರೆ ನಿದ್ದೆ, ಸ್ಲೀಪಿ ಅಂದರೆ ನಿದ್ದೆ ಬಂದವನು. ಬೇಕಿರುವುದು ಎರಡನೆಯದು. ಹಾಗೆಯೇ ‘ಗೆಟ್ಟಿಂಗ್ ಆಂಗರ್’ ಅಲ್ಲ, ‘ಗೆಟ್ಟಿಂಗ್ ಆಂಗ್ರಿ’. ‘ಗೆಟ್ಟಿಂಗ್ ಬೋರ್’ ಅಲ್ಲ, ‘ಗೆಟ್ಟಿಂಗ್ ಬೋರ್ಡ್’. ನಾನೂ ಎಷ್ಟೋ ವರ್ಷ ಬೋರ್ ಆಗಿಯೇ ಇದ್ದೆ.

ಎಲ್ಲ ‘ಆಗು’ಗೂ ಗೆಟ್ ಹೊಂದುವುದಿಲ್ಲ. ‘ಅವಳು ಡಾಕ್ಟರ್ ಆದಳು’ ಅನ್ನಲು ‘ಶಿ ಗಾಟ್ ಎ ಡಾಕ್ಟರ್’ ಅಂದರೆ ಅವಳು ಡಾಕ್ಟರನ್ನು ಕರೆತಂದಳು ಅಂತಾಗುತ್ತದೆ. ಡಾಕ್ಟರ್ ಗುಣ ಅಲ್ಲವಲ್ಲ, ಹೆಜ್ಜೆ 1ಕ್ಕೆ ಹೋಗಿಬಿಡುತ್ತದೆ. ಅಲ್ಲಿ ‘ಬಿಕೇಮ್’ ಬೇಕು. ಕೂದಲು ಬೆಳ್ಳಗಾಗುವುದು, ತಲೆ ಬೋಳಾಗುವುದು ‘ಗೋ’ ಪಾಲಿಗೆ: ‘ಗೋ ಗ್ರೇ’, ‘ಗೋ ಬಾಲ್ಡ್’.

ಹೆಜ್ಜೆ 3: ಬಲಗಡೆ ಜಾಗ ಇದ್ದರೆ

ಅರ್ಥ ‘ತಲುಪು’. ‘ವಿ ಗಾಟ್ ಟು ದಿ ಸ್ಟೇಷನ್ ಅಟ್ ಸಿಕ್ಸ್’. ಜಾಗದ ಮುಂದೆ ‘ಟು’ ಇರಬೇಕು. ಮನೆ, ಇಲ್ಲಿ, ಅಲ್ಲಿ, ಇಂಥ ಪದಗಳಿಗೆ ಟು ಬೇಡ: ‘ಗೆಟ್ ಹೋಮ್’, ‘ಗೆಟ್ ಹಿಯರ್’, ‘ಗೆಟ್ ದೇರ್’.

ಹತ್ತಿ ಇಳಿಯುವ ವಿಷಯ ಸ್ವಲ್ಪ ಮಜವಾಗಿದೆ. ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ಎದ್ದು ನಿಂತು ಓಡಾಡಬಹುದಾದರೆ ಆನ್, ಮೈ ಮುದುಡಿಕೊಂಡು ತೂರಬೇಕಾದರೆ ಇನ್ ಅಂತ ನೆನಪಿಟ್ಟುಕೊಳ್ಳಿ. ಮೇಲೆ ಕೂತು ಹೋಗುವ ಸೈಕಲ್, ಕುದುರೆಗೂ ಆನ್.

ಬಸ್ಸಿನಿಂದ ಇಳಿಯಲು ನಾವೆಲ್ಲ ‘ಗೆಟ್ ಡೌನ್’ ಅನ್ನುತ್ತೇವೆ. ನಮ್ಮ ನಡುವೆ ಅದು ಸಲೀಸಾಗಿ ನಡೆಯುತ್ತದೆ. ಹೊರಗಿನವರಿಗೆ ಗೆಟ್ ಡೌನ್ ಅಂದರೆ ಬಗ್ಗು, ನೆಲಕ್ಕೆ ಮಲಗು. ಗುಂಡು ಹಾರುವಾಗ ಪೊಲೀಸರು ಕೂಗುವುದು ಅದನ್ನೇ. ಏಣಿಯಿಂದಲೋ ಮರದಿಂದಲೋ ಇಳಿಯುವುದಕ್ಕಾದರೆ ಗೆಟ್ ಡೌನ್ ಎಲ್ಲ ಕಡೆಯೂ ಸರಿ.

ಹೆಜ್ಜೆ 4: ಬಲಗಡೆ ಕ್ರಿಯೆಯ ಮೂರನೇ ರೂಪ ಇದ್ದರೆ

ಗೋ, ವೆಂಟ್, ಗಾನ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದರಲ್ಲಿ ಮೂರನೆಯದು. ‘ಹಿ ಗಾಟ್ ಸ್ಕೋಲ್ಡೆಡ್’. ಇದಕ್ಕೆ ಕನ್ನಡದಲ್ಲಿ ‘ಅವನು ಬೈಯಲ್ಪಟ್ಟನು’ ಅನ್ನುವವರು ಪುಸ್ತಕದಲ್ಲಿ ಮಾತ್ರ ಇರುತ್ತಾರೆ. ನಾವು ‘ಬೈಸಿಕೊಂಡ’ ಅನ್ನುತ್ತೇವೆ. ‘ಗಾಟ್ ಬೀಟನ್’ ಅಂದರೆ ಒದೆ ತಿಂದ. ‘ಗಾಟ್ ಕಾಟ್’ ಅಂದರೆ ಸಿಕ್ಕಿಬಿದ್ದ. ಗೆಟ್‌ನ ಧಾಟಿ ಹಿಡಿಯಲು ಈ ಮೂರು ಸಾಕು. ಏನೋ ಒಂದು ನಮ್ಮ ತಲೆಯ ಮೇಲೆ ಬಂದು ಬಿತ್ತು, ಬಹಳ ಸಲ ಬೇಡದ್ದೇ ಬಿತ್ತು ಅನ್ನುವ ಧಾಟಿ ಅದು.

ಒಳ್ಳೆಯದಕ್ಕೂ ಬರುತ್ತದೆ: ‘ಐ ಗಾಟ್ ಪ್ರಮೋಟೆಡ್’. ಆದರೆ ಇದು ಮಾತಿನ ಭಾಷೆ. ಜತೆಗೆ ಥಟ್ಟನೆ ನಡೆದ ಘಟನೆಗೆ ಹೊಂದುತ್ತದೆ. ‘ಆ ಮನೆ 1920ರಲ್ಲಿ ಕಟ್ಟಿದ್ದು’ ಅನ್ನಲು ‘ವಾಸ್ ಬಿಲ್ಟ್’ ಅನ್ನಿ. ‘ಗಾಟ್ ಬಿಲ್ಟ್’ ಅಂದರೆ ಹೇಗೋ ಅಂತೂ ಇಂತೂ ಕಟ್ಟಿ ಮುಗಿಯಿತು ಅನ್ನುವ ಛಾಯೆ ಬಂದುಬಿಡುತ್ತದೆ.

ಹೆಜ್ಜೆ 5: ಮಾಡಿದೆನೋ, ಮಾಡಿಸಿದೆನೋ?

ನನ್ನನ್ನು ಕೇಳಿದರೆ ಗೆಟ್ ಕಲಿಯಬೇಕಾದ್ದು ಇಲ್ಲಿ. ಕನ್ನಡದಲ್ಲಿ ‘ಮಾಡು’ ಒಂದು, ‘ಮಾಡಿಸು’ ಇನ್ನೊಂದು. ‘ಇಸು’ ಅಂಟಿಸಿದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಟಿಸಲು ಇಂಥ ಬಾಲ ಇಲ್ಲ. ಆ ಕೊರತೆಯನ್ನು ತುಂಬುವ ಪದಗಳಲ್ಲಿ ಗೆಟ್ ಮುಖ್ಯವಾದದ್ದು.

‘ಐ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಅಂತ. ಕೂದಲು ಕತ್ತರಿಸಿಕೊಂಡು ಬಂದಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಪದಗಳ ಜಾಗ ನೋಡಿ: ಗೆಟ್, ಆಮೇಲೆ ವಸ್ತು, ಆಮೇಲೆ ಮೂರನೇ ರೂಪ. ‘ಐ ಗಾಟ್ ಮೈ ಫೋನ್ ರಿಪೇರ್ಡ್’, ‘ವಿ ಗಾಟ್ ದಿ ಹೌಸ್ ಪೇಂಟೆಡ್’. ವಸ್ತು ನಡುವಿನಲ್ಲೇ ಕೂರಬೇಕು. ‘ಐ ಗಾಟ್ ರಿಪೇರ್ಡ್ ಮೈ ಫೋನ್’ ಅಂದರೆ ಕೆಟ್ಟಿತು.

ಯಾರ ಕೈಲಿ ಮಾಡಿಸಿದಿರಿ ಅಂತ ಹೇಳಬೇಕೇ? ಆಗ ಗೆಟ್, ಮನುಷ್ಯ, ಟು, ಕ್ರಿಯೆ. ‘ಐ ಗಾಟ್ ಹಿಮ್ ಟು ಸೈನ್’ ಅಂದರೆ ಅವನ ಕೈಲಿ ಸಹಿ ಹಾಕಿಸಿದೆ. ಇದರೊಳಗೆ ಪುಸಲಾಯಿಸಿದ್ದು, ಹಿಂದೆ ಬಿದ್ದದ್ದು ಎಲ್ಲ ಇದೆ. ‘ಐ ಮೇಡ್ ಹಿಮ್ ಸೈನ್’ ಅಂದರೆ ಬಲವಂತ. ‘ಐ ಹ್ಯಾಡ್ ಹಿಮ್ ಸೈನ್’ ಅಂದರೆ ಹೇಳಿದೆ, ಅವನು ಮಾಡಿದ. ಮೇಡ್ ಮತ್ತು ಹ್ಯಾಡ್ ಜತೆ ಟು ಇಲ್ಲ, ಗಾಟ್ ಜತೆ ಇದೆ. ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು, ಆ ಹೊತ್ತೇ ‘ಟು’ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ವ್ಯಾಕರಣದವರು ಒಪ್ಪಲಿಕ್ಕಿಲ್ಲ, ಆದರೆ ಮರೆತುಹೋಗುವುದಿಲ್ಲ.

ಇನ್ನೊಂದು ಚಂದ ಇದೆ. ‘ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದಿ ಡೋರ್’. ರಚನೆ ಕೂದಲು ಕತ್ತರಿಸಿದ್ದರದ್ದೇ. ಆದರೆ ಬೆರಳನ್ನು ಯಾರೂ ಬೇಕೆಂದು ಬಾಗಿಲಿಗೆ ಕೊಡುವುದಿಲ್ಲ. ಕನ್ನಡದಲ್ಲಿ ಏನನ್ನುತ್ತೇವೆ? ಬೆರಳು ಬಾಗಿಲಿಗೆ ಸಿಕ್ಕಿಸಿಕೊಂಡೆ. ಕೂದಲು ಕತ್ತರಿಸಿಕೊಂಡೆ, ಬೆರಳು ಸಿಕ್ಕಿಸಿಕೊಂಡೆ. ಬೇಕೆಂದು ಆದದ್ದಕ್ಕೂ ಬೇಡದೆ ಆದದ್ದಕ್ಕೂ ನಾವೂ ಒಂದೇ ‘ಕೊಂಡೆ’ ಬಳಸುತ್ತೇವೆ, ಅವರೂ ಒಂದೇ ಗಾಟ್ ಬಳಸುತ್ತಾರೆ. ಇಷ್ಟು ದೂರದ ಎರಡು ಭಾಷೆಗಳು ಇಲ್ಲಿ ಒಂದೇ ಥರ ಯೋಚಿಸಿವೆ, ಅಲ್ವಾ?

ಹೆಜ್ಜೆ 6: ‘ಗೆಟ್ ಟು’ ಮತ್ತು ‘ಹ್ಯಾವ್ ಗಾಟ್’

‘ಐ ಗಾಟ್ ಟು ಸೀ ದಿ ಸೀ’ ಅಂದರೆ ಸಮುದ್ರ ನೋಡುವ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ಹೋಗಲೇಬೇಕು. ಒಂದು ಭಾಗ್ಯ, ಇನ್ನೊಂದು ಕರ್ಮ. ನಡುವೆ ಇರುವುದು ಒಂದು ‘ಹ್ಯಾವ್’. ಮಾತಿನಲ್ಲಿ ಅದು ಸವೆದು ‘ಐವ್ ಗಾಟ್ ಟು’ ಆಗಿ, ಇನ್ನೂ ಸವೆದು ‘ಗಾಟಾ’ ಆಗುತ್ತದೆ. ಕೇಳುವಾಗ ಸಂದರ್ಭ ನೋಡಿಯೇ ತಿಳಿಯಬೇಕು. ಬರೆಯುವಾಗ ಹ್ಯಾವ್ ಬಿಡಬೇಡಿ.

ಹೊಸಬರೊಬ್ಬರ ಪರಿಚಯ ನಿಧಾನವಾಗಿ ಬೆಳೆಯುವುದು ‘ಗೆಟ್ ಟು ನೋ’. ಯಾವುದೋ ಸುದ್ದಿ ಕಿವಿಗೆ ಬಿದ್ದದ್ದಕ್ಕೆ ನಾವು ‘ಐ ಗಾಟ್ ಟು ನೋ’ ಅನ್ನುವುದುಂಟು. ‘ಐ ಹರ್ಡ್’ ಸಾಕು.

‘ಐ ಹ್ಯಾವ್ ಗಾಟ್ ಎ ಬೈಕ್’ ಅಂದರೆ ಸುಮ್ನೆ ‘ನನ್ನ ಹತ್ತಿರ ಬೈಕ್ ಇದೆ’. ಇತ್ತು ಅನ್ನಲು ‘ಐ ಹ್ಯಾಡ್ ಎ ಬೈಕ್’ ಮಾತ್ರ, ಗಾಟ್ ಬಿಟ್ಟುಬಿಡಿ. ಅಮೆರಿಕದವರಲ್ಲಿ ಇನ್ನೊಂದು ರೂಪ ಇದೆ, ‘ಗಾಟನ್’. ಅವರಿಗೆ ‘ಹ್ಯಾವ್ ಗಾಟ್’ ಅಂದರೆ ಇದೆ, ‘ಹ್ಯಾವ್ ಗಾಟನ್’ ಅಂದರೆ ಸಿಕ್ಕಿದೆ ಅಥವಾ ಆಗಿದೆ. ಇದು ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಗೆಟ್ ಪದದ ಮೂಲ, ಹಿಂದೆ ಇಂಗ್ಲೆಂಡಿಗೆ ದಂಡೆತ್ತಿ ಬಂದ ವೈಕಿಂಗರ ನಾರ್ಸ್ ಭಾಷೆ. ಗಾಟನ್ ಹಿಂದೆ ಇಂಗ್ಲೆಂಡಿನಲ್ಲೂ ಇತ್ತು. ಅಲ್ಲಿ ಸವೆದುಹೋಯಿತು, ಹಡಗು ಹತ್ತಿ ಹೋದವರ ಬಾಯಲ್ಲಿ ಉಳಿಯಿತು. ‘ಫರ್ಗಾಟನ್’ ಮಾತ್ರ ಎರಡೂ ಕಡೆ ಹಾಗೇ ಇದೆ. ನೀವು ಯಾವುದನ್ನಾದರೂ ಬಳಸಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಹೆಜ್ಜೆ 7: ಬಲಗಡೆ ಚಿಕ್ಕ ಪದ ಇದ್ದರೆ

ಅಪ್, ಬೈ, ಓವರ್, ಅಟ್, ಅವೇ. ಇವು ಬಂದಾಗ ಎರಡನ್ನೂ ಸೇರಿಸಿ ಒಂದೇ ಪದ ಅಂತ ತಿಳಿಯಬೇಕು. ಬಿಡಿಸಿ ನೋಡಿದರೆ ನಾನು ಮೇಜಿನ ಮುಂದೆ ಹೋಗಿ ನಿಂತ ಹಾಗೆ ಆಗುತ್ತದೆ. ಇಂಥವು ನೂರಾರು ಇವೆ. ಕನ್ನಡದಲ್ಲಿ ಸರಿಯಾದ ಜೋಡಿ ಸಿಕ್ಕಿದ ಕೆಲವನ್ನು ಮಾತ್ರ ಹೇಳುತ್ತೇನೆ. ಜೋಡಿ ಸಿಕ್ಕಿದರೆ ಮರೆಯುವುದಿಲ್ಲ.

‘ಗೆಟ್ ಬೈ’ ಅಂದರೆ ಹೇಗೋ ಕಾಲ ತಳ್ಳು. ‘ಗೆಟ್ ಓವರ್’ ಅಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊ. ‘ಗೆಟ್ ಅಲಾಂಗ್’ ಅಂದರೆ ಹೊಂದಿಕೊಂಡು ಹೋಗು. ‘ಗೆಟ್ ಅವೇ ವಿತ್’ ನನಗೆ ತುಂಬಾ ದಿನ ಕೈಗೆ ಸಿಗಲಿಲ್ಲ. ತಪ್ಪು ಮಾಡಿಯೂ ಶಿಕ್ಷೆ ತಪ್ಪಿಸಿಕೊಳ್ಳುವುದು ಅಂತ ನಿಘಂಟು ಉದ್ದಕ್ಕೆ ಬರೆದಿತ್ತು. ಒಂದು ದಿನ ಹೊಳೆಯಿತು, ಇದು ನಮ್ಮ ‘ದಕ್ಕಿಸಿಕೊಳ್ಳುವುದು’! ‘ಹಿ ಲೈಡ್ ಅಂಡ್ ಗಾಟ್ ಅವೇ ವಿತ್ ಇಟ್’: ಸುಳ್ಳು ಹೇಳಿ ದಕ್ಕಿಸಿಕೊಂಡ. ‘ಗೆಟ್ ಅರೌಂಡ್ ಟು’ ಅಂದರೆ ಅಂತೂ ಪುರಸೊತ್ತು ಮಾಡಿಕೊಂಡು ಕೈಹಾಕು. ‘ವಾಟ್ ಆರ್ ಯು ಗೆಟ್ಟಿಂಗ್ ಅಟ್?’ ಅಂದರೆ ನೀನು ಏನು ಹೇಳೋಕೆ ಹೊರಟಿದ್ದೀಯ? ಸ್ವಲ್ಪ ಮುನಿಸು ಬೆರೆತ ಪ್ರಶ್ನೆ ಇದು. ಹಿರಿಯರಿಗೆ ಕೇಳಬೇಡಿ.

ಇನ್ನು ನನ್ನ ಹಳೆಯ ಶತ್ರು. ‘ಗೆಟ್ ಬ್ಯಾಕ್’ ಅಂದರೆ ಮರಳಿ ಬರು. ‘ಗೆಟ್ ಬ್ಯಾಕ್ ಟು’ ಒಬ್ಬರಿಗೆ ಅಂದರೆ ಆಮೇಲೆ ಉತ್ತರ ಹೇಳು. ‘ಗೆಟ್ ಬ್ಯಾಕ್ ಅಟ್’ ಅಂದರೆ ಸೇಡು ತೀರಿಸಿಕೊ. ಅವಸರದಲ್ಲಿ ‘ಐ ವಿಲ್ ಗೆಟ್ ಬ್ಯಾಕ್ ಅಟ್ ಯು’ ಅಂತ ಬರೆದು ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 8: ಎಲ್ಲಿ ಬೇಡ

ಅರ್ಜಿ, ವರದಿ, ದೂರಿನ ಪತ್ರಗಳಲ್ಲಿ ಗೆಟ್ ಕಡಿಮೆ ಮಾಡಿ. ‘ರಿಸೀವ್’, ‘ಬಿಕಮ್’, ‘ಅರೈವ್’ ಅಲ್ಲಿ ಹೊಂದುತ್ತವೆ. ಹಾಗಂತ ಬರವಣಿಗೆಯಲ್ಲಿ ಗೆಟ್ ಬಳಸಲೇಬಾರದು ಅನ್ನುವ ಮೇಷ್ಟ್ರುಗಳ ಮಾತನ್ನು ನಾನು ಒಪ್ಪುವುದಿಲ್ಲ. ಗೆಳೆಯರ ಜತೆ ಮಾತಾಡುವಾಗ ‘ಐ ರಿಸೀವ್ಡ್ ಯುವರ್ ಮೆಸೇಜ್’ ಅಂದರೆ ಕಚೇರಿಯ ಗುಮಾಸ್ತರು ಮಾತಾಡಿದ ಹಾಗಿರುತ್ತದೆ.

ಈಗ ನಿಮ್ಮ ಸರದಿ

ಒಂದು ವಾರ ಏನೇ ಇಂಗ್ಲಿಷ್ ಓದಿದರೂ ಗೆಟ್ ಕಂಡಾಗ ಅದರ ಬಲಗಡೆಯ ಪದವನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಥ ಬರೆಯಬೇಡಿ. ವಾರದ ಕೊನೆಗೆ ಆ ಪದಗಳನ್ನು ವಸ್ತು, ಗುಣ, ಜಾಗ, ಕ್ರಿಯೆ ಅಂತ ಗುಂಪು ಮಾಡಿ ನೋಡಿ.

ಅಲ್ಲಿಯವರೆಗೆ ಈ ಐದು ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ. ಒಂದರಲ್ಲಿ ಗೆಟ್ ಬೇಡವೇ ಬೇಡ.

1. ನನ್ನ ಕನ್ನಡಕ ರಿಪೇರಿ ಮಾಡಿಸಬೇಕು.
2. ನಿನ್ನೆ ದಾರಿಯಲ್ಲಿ ನಮ್ಮ ಹಳೆಯ ಮೇಷ್ಟ್ರು ಸಿಕ್ಕಿದ್ದರು.
3. ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು.
4. ಅವನನ್ನು ಹೇಗೋ ಒಪ್ಪಿಸಿದೆ.
5. ಉತ್ತರ ಬರೆಯೋಕೆ ಪುರಸೊತ್ತೇ ಆಗಲಿಲ್ಲ.

ಮೊದಲನೆಯದು ‘ಐ ನೀಡ್ ಟು ಗೆಟ್ ಮೈ ಗ್ಲಾಸಸ್ ರಿಪೇರ್ಡ್’. ಎರಡನೆಯದರಲ್ಲಿ ಗೆಟ್ ಇಲ್ಲ, ‘ಐ ಮೆಟ್’. ಮೂರನೆಯದರಲ್ಲಿ ಎರಡು ಸಲ ಬರುತ್ತದೆ: ‘ಇಟ್ ಹ್ಯಾಡ್ ಗಾಟ್ ಡಾರ್ಕ್ ಬೈ ದಿ ಟೈಮ್ ವಿ ಗಾಟ್ ಹೋಮ್’. ನಾಲ್ಕನೆಯದು ‘ಐ ಗಾಟ್ ಹಿಮ್ ಟು ಅಗ್ರೀ’. ಟು ಬಿಟ್ಟಿದ್ದರೆ ಹೆಜ್ಜೆ 5 ಇನ್ನೊಮ್ಮೆ ಓದಿ. ಐದನೆಯದಕ್ಕೆ ‘ಐ ಡಿಡಂಟ್ ಗೆಟ್ ಅರೌಂಡ್ ಟು ರಿಪ್ಲೈಯಿಂಗ್’. ‘ಐ ಡಿಡಂಟ್ ಗೆಟ್ ಎ ಚಾನ್ಸ್ ಟು ರಿಪ್ಲೈ’ ಅಂತ ಬರೆದಿದ್ದರೂ ಸರಿಯೇ. ಆದರೆ ಮೊದಲನೆಯದರಲ್ಲಿ ತಪ್ಪು ನಿಮ್ಮದು, ಎರಡನೆಯದರಲ್ಲಿ ಸಮಯದ್ದು. ಮೇಲಿನವರಿಗೆ ಬರೆಯುವಾಗ ನಾನು ಎರಡನೆಯದನ್ನೇ ಬರೆಯುತ್ತೇನೆ.